ನಾಮಿನಿ ಹಾಕಿಸಿದ್ದೀನಿ, ಇನ್ನು ವಿಲ್ ಯಾಕೆ?

ಪ್ರಶ್ನೆ: ನಾನು ತಿಪಟೂರು ತಾಲ್ಲೂಕಿನವನು, ನಿವೃತ್ತ ಹೈಸ್ಕೂಲ್ ಮೇಷ್ಟ್ರು. ವಯಸ್ಸು 67. ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ಮೂವರಿಗೂ ಮದುವೆಯಾಗಿದೆ. 89 ವರ್ಷದ ತಾಯಿ ನಮ್ಮ ಜೊತೆಗಿದ್ದಾರೆ. ಅಜ್ಜನ ಕಾಲದ ತೆಂಗಿನ ತೋಟದಲ್ಲಿ ನನ್ನ ಭಾಗಕ್ಕೆ ಮೂರೂವರೆ ಎಕರೆ ಬಂದಿದೆ. ತಂದೆ ಹೋದ ಮೇಲೆ, 1998ರಲ್ಲಿ, ಅಣ್ಣತಮ್ಮಂದಿರು ಊರಿನವರನ್ನು ಕೂರಿಸಿಕೊಂಡು ಬಿಳಿ ಹಾಳೆಯಲ್ಲಿ ಪಾಲುಪಟ್ಟಿ ಬರೆದುಕೊಂಡೆವು. ಪಹಣಿ ನನ್ನ ಹೆಸರಿಗಿದೆ. ತುಮಕೂರಿನಲ್ಲಿ ಸಂಬಳದ ದುಡ್ಡಿನಲ್ಲಿ ತೆಗೆದ ಒಂದು ಸೈಟ್, ತಿಪಟೂರಿನಲ್ಲಿ ಹೆಂಡತಿ ಹೆಸರಿನ ಮನೆ, ಬ್ಯಾಂಕಿನಲ್ಲಿ 18 ಲಕ್ಷ ಎಫ್‌.ಡಿ., ಒಂದು ಪತ್ತಿನ ಸಹಕಾರ ಸಂಘದಲ್ಲಿ 4 ಲಕ್ಷ, ಎರಡು ಎಲ್‌.ಐ.ಸಿ. ಪಾಲಿಸಿ ಇವೆ. ಎಲ್ಲದಕ್ಕೂ ಮಗನೇ ನಾಮಿನಿ. ನಾಮಿನಿ ಇದ್ದ ಮೇಲೆ ವಿಲ್ ಬೇಡ ಎಂದು ಸ್ನೇಹಿತರು ಹೇಳುತ್ತಾರೆ. ಆದರೆ ಹೋದ ವರ್ಷ ಭಾವ ತೀರಿಕೊಂಡಾಗ ಅವರ ಠೇವಣಿಗೆ ನಾಮಿನಿ ಇರಲಿಲ್ಲ. ವಂಶವೃಕ್ಷ ಸಾಲದು, ಕೋರ್ಟ್‌ನಿಂದ ಸರ್ಟಿಫಿಕೇಟ್ ತನ್ನಿ ಎಂದು ಅಕ್ಕನನ್ನು ಅಲೆಸಿದರು. ಅದನ್ನು ನೋಡಿ ಭಯವಾಗಿದೆ. ಹೆಣ್ಣುಮಕ್ಕಳಿಗೆ ಮದುವೆಯಲ್ಲಿ ಒಡವೆ ಹಾಕಿದ್ದೇನೆ. ಸ್ಟಾಂಪ್ ಪೇಪರ್ ಮೇಲೆ ಅವರ ಸಹಿ ತೆಗೆದುಕೊಂಡರೆ ಸಾಕೇ? ಎಲ್ಲವನ್ನೂ ಈಗಲೇ ದಾನಪತ್ರ ಮಾಡುವುದೇ ಸುಲಭ ಎಂದು ಮಗ ಹೇಳುತ್ತಾನೆ. ಏನು ಮಾಡಲಿ?

ಉತ್ತರ: ಮೇಷ್ಟ್ರೇ, ನಿಮ್ಮ ಚಿಂತೆ ಎರಡು ಥರದ್ದು. ಒಂದು, ನೀವಿಲ್ಲದಾಗ ಮನೆಯವರು ಕಚೇರಿ ಕಚೇರಿ ಅಲೆಯಬಾರದು. ಇನ್ನೊಂದು, ಮಕ್ಕಳು ಒಬ್ಬರ ಮೇಲೊಬ್ಬರು ಕೇಸು ಹಾಕಬಾರದು. ನಾಮಿನೇಷನ್ ಮೊದಲನೆಯದಕ್ಕೆ ಔಷಧ. ಎರಡನೆಯದಕ್ಕೆ ಅದು ಏನೂ ಮಾಡುವುದಿಲ್ಲ. ತುಮಕೂರಿನ ಕೋರ್ಟ್‌ನಲ್ಲಿ ಈ ಬಗೆಯ ದಾವೆಗಳನ್ನೇ ನಡೆಸಿಕೊಂಡು ಬಂದವನು ನಾನು. ಇವೆರಡನ್ನೂ ಒಂದೇ ಅಂದುಕೊಂಡ ಮನೆಗಳೇ ಅಲ್ಲಿಗೆ ಜಾಸ್ತಿ ಬರುತ್ತವೆ.

ನಿಮ್ಮ ಕೊಬ್ಬರಿ ತಿಪಟೂರು ಮಾರುಕಟ್ಟೆಯಲ್ಲಿ ಹರಾಜಾಗುತ್ತದೆ. ಮಂಡಿಯವರ ಕೈಗೆ ದುಡ್ಡು ಬಂತು ಅಂದಮಾತ್ರಕ್ಕೆ ಅದು ಅವರದ್ದಾಗುತ್ತದೆಯೇ? ನಾಮಿನಿಯ ಸ್ಥಾನವೂ ಅಷ್ಟೇ. ಬ್ಯಾಂಕು ಯಾರ ಕೈಗೆ ದುಡ್ಡು ಕೊಟ್ಟು ತನ್ನ ಜವಾಬ್ದಾರಿ ಕಳೆದುಕೊಳ್ಳಬಹುದು ಅನ್ನುವುದನ್ನು ನಾಮಿನೇಷನ್ ಹೇಳುತ್ತದೆ. ಆ ದುಡ್ಡು ಕೊನೆಗೆ ಯಾರದ್ದು ಅನ್ನುವುದನ್ನು ವಿಲ್ ಹೇಳುತ್ತದೆ, ವಿಲ್ ಇಲ್ಲದಿದ್ದರೆ ಉತ್ತರಾಧಿಕಾರ ಕಾನೂನು ಹೇಳುತ್ತದೆ. ವಿಮೆಯ ವಿಷಯದಲ್ಲಿ ಸುಪ್ರೀಂ ಕೋರ್ಟ್ ಇದನ್ನು 1984ರಲ್ಲೇ ಹೇಳಿತ್ತು. ಕಂಪನಿ ಷೇರುಗಳ ವಿಷಯದಲ್ಲಿ 2023ರ ಡಿಸೆಂಬರ್‌ನಲ್ಲಿ ಮತ್ತೆ ಅದನ್ನೇ ಹೇಳಿತು. ಹಾಗಾಗಿ ನಿಮ್ಮ 18 ಲಕ್ಷವನ್ನು ಮಗ ಬ್ಯಾಂಕಿನಿಂದ ತರಬಹುದು. ಅವನ ಅಮ್ಮ, ಅಜ್ಜಿ, ಅಕ್ಕತಂಗಿಯರು ಅದರಲ್ಲಿ ಪಾಲು ಕೇಳಿದರೆ ಕೊಡಲೇಬೇಕು.

ಅಜ್ಜಿ ಅಂದೆ, ಗಮನಿಸಿದಿರಾ? ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ ಇದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಒಬ್ಬ ಗಂಡಸು ವಿಲ್ ಬರೆಯದೆ ಹೋದರೆ ಅವನ ಮೊದಲ ದರ್ಜೆಯ ವಾರಸುದಾರರಲ್ಲಿ ಹೆಂಡತಿ ಮಕ್ಕಳ ಜೊತೆ ತಾಯಿಯೂ ಸೇರುತ್ತಾರೆ. ತಂದೆ ಸೇರುವುದಿಲ್ಲ. ಇವತ್ತು ನಿಮಗೆ ಏನಾದರೂ ಆದರೆ ತುಮಕೂರಿನ ಸೈಟ್ ಐದು ಸಮ ಭಾಗವಾಗುತ್ತದೆ: ತಾಯಿ, ಹೆಂಡತಿ, ಮಗ, ಇಬ್ಬರು ಹೆಣ್ಣುಮಕ್ಕಳು. ಆಮೇಲೆ ತಾಯಿಯೂ ವಿಲ್ ಇಲ್ಲದೆ ಹೋದರು ಅನ್ನಿ, ಅವರ ಐದನೇ ಒಂದು ಭಾಗ ಅವರ ಎಲ್ಲ ಮಕ್ಕಳ ಕಡೆಗೂ ಹಂಚಿಹೋಗುತ್ತದೆ. ಅಂದರೆ ನಿಮ್ಮ ಸಂಬಳದ ದುಡ್ಡಿನ ಸೈಟ್ ಮಾರಬೇಕಾದರೆ ನಿಮ್ಮ ಅಣ್ಣತಮ್ಮಂದಿರು, ಅಕ್ಕ ಎಲ್ಲರೂ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದು ಸಹಿ ಹಾಕಬೇಕು. ಒಬ್ಬರು ಮುನಿಸಿಕೊಂಡರೂ ಸೈಟ್ ಹಾಗೇ ಹುಲ್ಲು ಬೆಳೆದುಕೊಂಡಿರುತ್ತದೆ. ಇದಕ್ಕೆ ಒಂದೇ ಒಂದು ವಿಲ್ ಸಾಕು.

ನೀವು ಹಿಂದೂ ಕಾಯ್ದೆಗೆ ಒಳಪಡುವವರು ಎಂದುಕೊಂಡು ಇದನ್ನೆಲ್ಲ ಬರೆಯುತ್ತಿದ್ದೇನೆ. ಮುಸ್ಲಿಮರಿಗೆ, ಕ್ರೈಸ್ತರಿಗೆ ಪಾಲಿನ ಲೆಕ್ಕ ಬೇರೆ. ನಾಮಿನಿಯ ಮಾತು ಮಾತ್ರ ಎಲ್ಲರಿಗೂ ಒಂದೇ.

ಎಲ್‌.ಐ.ಸಿ. ವಿಷಯದಲ್ಲಿ ಸ್ವಲ್ಪ ತೊಡಕಿದೆ. 2015ರ ವಿಮಾ ಕಾಯ್ದೆ ತಿದ್ದುಪಡಿಯಲ್ಲಿ, ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳನ್ನು ನಾಮಿನಿ ಮಾಡಿದರೆ ಹಣದ ಪ್ರಯೋಜನವೂ ಅವರಿಗೇ ಎಂಬ ಅರ್ಥದ ಮಾತು ಸೇರಿತು. ಹಾಗಾದರೆ ಇಲ್ಲಿ ನಾಮಿನಿಯೇ ಮಾಲೀಕ ಎಂದು ಏಜೆಂಟರು ಧೈರ್ಯವಾಗಿ ಹೇಳುತ್ತಾರೆ. ಆದರೆ 2025ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ ಬೇರೆ ಥರ ಹೇಳಿದೆ. ಒಬ್ಬರು ಮದುವೆಗೆ ಮುಂಚೆ ತಾಯಿಯನ್ನು ನಾಮಿನಿ ಮಾಡಿದ್ದರು. ಆಮೇಲೆ ಮದುವೆಯಾಯಿತು, ಮಗು ಹುಟ್ಟಿತು, ನಾಮಿನಿ ಬದಲಾಗಲೇ ಇಲ್ಲ. ಅವರು ತೀರಿಕೊಂಡ ಮೇಲೆ ಅತ್ತೆ ಸೊಸೆ ಕೋರ್ಟ್‌ಗೆ ಹೋದರು. ವಾರಸುದಾರರು ಪಾಲು ಕೇಳಿದ ಮೇಲೆ ಉತ್ತರಾಧಿಕಾರ ಕಾನೂನೇ ನಡೆಯಬೇಕು ಎಂದು ಹೇಳಿ ತಾಯಿ, ಹೆಂಡತಿ, ಮಗು ಮೂವರಿಗೂ ಮೂರರಲ್ಲೊಂದು ಭಾಗ ಕೊಟ್ಟರು. ಪಾಲಿಸಿಯಲ್ಲಿ ಹೆಂಡತಿಯನ್ನು ನಾಮಿನಿ ಮಾಡಿ, ವಿಲ್‌ನಲ್ಲೂ ಅದನ್ನೇ ಬರೆಯಿರಿ. ಎರಡೂ ಕಡೆ ಒಂದೇ ಹೆಸರಿದ್ದರೆ ಜಗಳಕ್ಕೆ ಜಾಗವೇ ಇರುವುದಿಲ್ಲ.

ಇಷ್ಟು ಹೇಳಿದೆ ಅಂತ ನಾಮಿನೇಷನ್ ತೆಗೆದುಹಾಕಬೇಡಿ. ನಿಮ್ಮ ಅಕ್ಕ ಅಲೆದದ್ದು ಅದಿಲ್ಲದ್ದಕ್ಕೇ ಅಲ್ವಾ? ಅವರನ್ನು ಕೇಳಿದ್ದು ಉತ್ತರಾಧಿಕಾರ ಪ್ರಮಾಣಪತ್ರ, ಎಲ್ಲರ ಬಾಯಲ್ಲೂ ಓಡಾಡುವ ಸಕ್ಸೆಷನ್ ಸರ್ಟಿಫಿಕೇಟ್. ನಾಡಕಚೇರಿಯಲ್ಲಿ ಸಿಗುವ ವಂಶವೃಕ್ಷ ಮನೆಯಲ್ಲಿ ಯಾರ್‍ಯಾರು ಇದ್ದಾರೆ ಎಂದು ಹೇಳುತ್ತದೆ, ಅಷ್ಟೇ. ಸಕ್ಸೆಷನ್ ಸರ್ಟಿಫಿಕೇಟ್ ಕೊಡುವುದು ಸಿವಿಲ್ ಕೋರ್ಟ್. ಅರ್ಜಿ, ನೋಟಿಸು, ಪತ್ರಿಕೆಯಲ್ಲಿ ಪ್ರಕಟಣೆ, ಹೇಳಿಕೆ, ಆಮೇಲೆ ಮೊತ್ತಕ್ಕೆ ತಕ್ಕ ಕೋರ್ಟ್ ಫೀ. ಯಾರೂ ತಕರಾರು ಮಾಡದಿದ್ದರೂ ತಿಂಗಳುಗಟ್ಟಲೆ ಹಿಡಿಯುತ್ತದೆ. ಅದು ಕೂಡ ಠೇವಣಿ, ಷೇರು, ಬರಬೇಕಾದ ಸಾಲ ಇಂಥವಕ್ಕೆ ಮಾತ್ರ. ಜಮೀನು, ಸೈಟಿಗೆ ಅದು ನಡೆಯುವುದಿಲ್ಲ.

ಬ್ಯಾಂಕುಗಳ ಮಟ್ಟಿಗೆ ಈಗ ಪರಿಸ್ಥಿತಿ ಸುಧಾರಿಸಿದೆ. 2025ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ನಿರ್ದೇಶನದ ಪ್ರಕಾರ, ನಾಮಿನಿ ಇಲ್ಲದಿದ್ದರೂ, ವಿಲ್ ಇಲ್ಲದೆ, ವಾರಸುದಾರರಲ್ಲಿ ಜಗಳವೂ ಇಲ್ಲದಿದ್ದರೆ 15 ಲಕ್ಷದವರೆಗೆ ಸರಳ ದಾಖಲೆಗಳ ಮೇಲೆ ಹಣ ಕೊಡಬೇಕು. ಸಹಕಾರಿ ಬ್ಯಾಂಕುಗಳಿಗೆ ಈ ಮಿತಿ 5 ಲಕ್ಷ. ದಾಖಲೆ ಪೂರ್ತಿ ಕೊಟ್ಟ ಮೇಲೆ 15 ದಿನದೊಳಗೆ ಕ್ಲೇಮು ಮುಗಿಸಬೇಕು. ಇನ್ನೊಂದು ಬದಲಾವಣೆ: 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ಕು ಜನರವರೆಗೆ ನಾಮಿನಿ ಹಾಕಬಹುದು. ಯಾರಿಗೆ ಶೇಕಡಾ ಎಷ್ಟು ಎಂದೂ ಬರೆಯಬಹುದು, ಒಬ್ಬರಾದ ಮೇಲೆ ಒಬ್ಬರು ಎಂದೂ ಬರೆಯಬಹುದು. ಲಾಕರ್‌ಗೆ ಎರಡನೆಯ ವಿಧಾನ ಮಾತ್ರ. ನಿಮ್ಮ ಎಫ್‌.ಡಿ.ಗೆ ಹೆಂಡತಿಯನ್ನು ಮೊದಲು ಬರೆಸಿ, ಆಮೇಲೆ ಮೂವರು ಮಕ್ಕಳು. ಹೆಂಡತಿ ಬದುಕಿರುವಾಗ ಮಗನನ್ನು ಒಂಟಿ ನಾಮಿನಿ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಮಗನ ಮೇಲೆ ಅನುಮಾನದಿಂದ ಈ ಮಾತು ಹೇಳುತ್ತಿಲ್ಲ. ಗಂಡ ಹೋದ ತಿಂಗಳಲ್ಲಿ ಹೆಂಗಸು ಔಷಧಿ ದುಡ್ಡಿಗೂ ಇನ್ನೊಬ್ಬರ ಮುಖ ನೋಡುವ ಹಾಗಾಗಬಾರದು.

ಒಂದು ಖಾತೆಯನ್ನಾದರೂ ಇಬ್ಬರ ಹೆಸರಲ್ಲಿ 'ಐದರ್ ಆರ್ ಸರ್ವೈವರ್' ಮಾಡಿಸಿ. ಆಗ ಉಳಿದವರು ಮರಣ ಪತ್ರ ಕೊಟ್ಟು ಖಾತೆ ಮುಂದುವರಿಸಬಹುದು. ನಿಮ್ಮ ಒಂಟಿ ಹೆಸರಿನ ಖಾತೆಯಿಂದ ನಿಮ್ಮ ಮರಣದ ನಂತರ ಎ.ಟಿ.ಎಂ. ಕಾರ್ಡ್ ಉಜ್ಜಿ ದುಡ್ಡು ತೆಗೆಯುವುದು ತಪ್ಪು ಎಂದು ಮಕ್ಕಳಿಗೆ ಈಗಲೇ ಹೇಳಿಬಿಡಿ. ತಿಥಿ ಖರ್ಚಿಗೆ ಅಂತ ತೆಗೆದ ದುಡ್ಡೇ ಆಮೇಲೆ ಅಣ್ಣತಂಗಿಯರ ದಾವೆಯಲ್ಲಿ ಮೊದಲ ಆರೋಪವಾಗಿ ಬರುವುದನ್ನು ನೋಡಿದ್ದೇನೆ.

ಪತ್ತಿನ ಸಹಕಾರ ಸಂಘದ 4 ಲಕ್ಷದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸಂಘ ಬೇರೆ, ಸಹಕಾರಿ ಬ್ಯಾಂಕ್ ಬೇರೆ. ರಿಸರ್ವ್ ಬ್ಯಾಂಕಿನ ಆ ನಿರ್ದೇಶನ ಸಂಘಕ್ಕೆ ಅನ್ವಯಿಸುವುದಿಲ್ಲ. ಬ್ಯಾಂಕ್ ಮುಳುಗಿದರೆ 5 ಲಕ್ಷದವರೆಗೆ ಸಿಗುವ ಠೇವಣಿ ವಿಮೆಯೂ ಅಲ್ಲಿಲ್ಲ. ಬಡ್ಡಿ ಜಾಸ್ತಿ ಅಂತ ಇಟ್ಟಿರುತ್ತೀರಿ. ಅವಧಿ ಮುಗಿದಾಗ ಮತ್ತೆ ಇಡುವ ಮುಂಚೆ ಇದನ್ನು ನೆನಪಿಡಿ.

ಈಗ ತೋಟಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಆತಂಕ ತಂದದ್ದು ಇದೇ. ನೀವು ಪಹಣಿ ನೋಡಿಕೊಂಡು ನೆಮ್ಮದಿಯಾಗಿದ್ದೀರಿ. ಪಹಣಿ, ಖಾತೆ ಇವು ಕಂದಾಯದ ದಾಖಲೆಗಳು. ಅವೇ ಮಾಲೀಕತ್ವ ಕೊಡುವುದಿಲ್ಲ. ಪೌತಿ ಖಾತೆಯೂ ಅಷ್ಟೇ, ಸತ್ತವರ ಹೆಸರು ತೆಗೆದು ವಾರಸುದಾರರ ಹೆಸರು ಕೂರಿಸುವ ಕೆಲಸ.

1998ರ ನಿಮ್ಮ ಪಾಲುಪಟ್ಟಿ ನೋಂದಣಿ ಆಗಿಲ್ಲ. ಅದರಲ್ಲಿ ಅಕ್ಕನ ಸಹಿ ಇದೆಯೋ ಇಲ್ಲವೋ ನೀವು ಬರೆದಿಲ್ಲ. ಅಣ್ಣತಮ್ಮಂದಿರು ಕೂತು ಮಾಡಿಕೊಂಡದ್ದು ಅಂದರೆ ಇರಲಿಕ್ಕಿಲ್ಲ. ಕರ್ನಾಟಕ 1994ರಲ್ಲೇ ಕಾಯ್ದೆ ತಿದ್ದಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತ್ತು, ಆದರೆ ಅದಕ್ಕೂ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದ ತೆಗೆದುಹಾಕಿತು. 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಗೊಂದಲ ಮುಗಿಸಿತು: ಮಗಳಿಗೆ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ಮದುವೆ ಯಾವಾಗ ಆಯಿತು ಅನ್ನುವುದು ಲೆಕ್ಕಕ್ಕಿಲ್ಲ, 2005ರಲ್ಲಿ ತಂದೆ ಬದುಕಿರಬೇಕಾಗಿಯೂ ಇಲ್ಲ. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ಪತ್ರದಿಂದ ಅಥವಾ ಕೋರ್ಟ್ ಡಿಕ್ರಿಯಿಂದ ಆದ ವಿಭಾಗಗಳಿಗೆ ಮಾತ್ರ ರಕ್ಷಣೆ ಇದೆ. ಬಾಯಿಮಾತಿನ ವಿಭಾಗವನ್ನು ಬಲವಾದ ಸರ್ಕಾರಿ ದಾಖಲೆಗಳ ಬೆಂಬಲ ಇದ್ದರೆ ಅಪರೂಪಕ್ಕೆ ಒಪ್ಪಬಹುದು ಎಂದಿದೆ ಕೋರ್ಟ್. ನಿಮ್ಮ ಬಿಳಿ ಹಾಳೆ, ಅದರ ಮೇಲೆ ಆದ ಖಾತೆ ಆ ಬಾಗಿಲಿನಲ್ಲಿ ನುಗ್ಗಬಹುದು, ನುಗ್ಗದೆಯೂ ಇರಬಹುದು. ನಾನಾದರೆ ಅದರ ಮೇಲೆ ಪಣ ಕಟ್ಟುವುದಿಲ್ಲ.

ಅಕ್ಕನಿಗೆ ಈಗ ದುಡ್ಡಿನ ಕಷ್ಟ ಇದೆಯೇ ಎಂದು ಮೊದಲು ವಿಚಾರಿಸಿ. ಅಣ್ಣತಮ್ಮಂದಿರೆಲ್ಲ ಸೇರಿ ಅವರಿಗೆ ಏನು ಕೊಡಬೇಕೋ ಒಪ್ಪಿಕೊಂಡು ಕೊಟ್ಟು, ತಾಯಿಯನ್ನೂ ಸೇರಿಸಿಕೊಂಡು, ಒಂದು ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಅಥವಾ ಹೊಸ ವಿಭಾಗಪತ್ರ ಮಾಡಿಸಿ. ತಾಯಿ ಇರುವಾಗಲೇ ಇದು ಸುಲಭ. ಅವರ ಎದುರು ಯಾರೂ ಜೋರಾಗಿ ಮಾತಾಡುವುದಿಲ್ಲ.

ಆಮೇಲೆ ನಿಮ್ಮ ಭಾಗದ ಮೂರೂವರೆ ಎಕರೆ. ಅದು ನಿಮ್ಮೊಬ್ಬರದ್ದಲ್ಲ. ಅಜ್ಜನ ಆಸ್ತಿ ವಿಭಾಗವಾಗಿ ಬಂದದ್ದರಲ್ಲಿ ಮಗನಿಗೂ ಇಬ್ಬರು ಹೆಣ್ಣುಮಕ್ಕಳಿಗೂ ನಿಮ್ಮಷ್ಟೇ ಹಕ್ಕಿದೆ. ಇಡೀ ತೋಟವನ್ನು ಮಗನಿಗೆ ವಿಲ್ ಬರೆದರೂ, ದಾನಪತ್ರ ಮಾಡಿದರೂ ಅದು ನಿಮ್ಮ ಪಾಲಿನ ಮಟ್ಟಿಗೆ ಕೂಡ ಜಗಳಕ್ಕೆ ದಾರಿ. ವಿಲ್ ಬರೆಯಬಹುದಾದದ್ದು ನಿಮ್ಮ ಪಾಲಿಗೆ ಮಾತ್ರ. ನಿಮ್ಮ ಹೆಣ್ಣುಮಕ್ಕಳಿಗೆ ತೋಟ ಬೇಡ, ಅಣ್ಣತಮ್ಮ ಇಟ್ಟುಕೊಳ್ಳಲಿ ಅನ್ನುವ ಮನಸ್ಸಿದ್ದರೆ ಅದನ್ನು ಅವರೇ ನೋಂದಾಯಿತ ಪತ್ರದಲ್ಲಿ ಹೇಳಬೇಕು. ಬದಲಿಗೆ ಸೈಟಿನಲ್ಲೋ ಎಫ್‌.ಡಿ.ಯಲ್ಲೋ ಅವರಿಗೆ ಜಾಸ್ತಿ ಇಡಬಹುದು.

ಮದುವೆಯಲ್ಲಿ ಒಡವೆ ಹಾಕಿದ್ದೇವೆ, ಹಕ್ಕು ತೀರಿತು ಅನ್ನುವುದು ನಮ್ಮ ಕಡೆ ಪ್ರತಿ ಮನೆಯಲ್ಲೂ ಕೇಳುವ ಮಾತು. ಕಾನೂನಿನಲ್ಲಿ ಅದಕ್ಕೆ ಬೆಲೆ ಇಲ್ಲ. ಸ್ಟಾಂಪ್ ಪೇಪರ್ ಮೇಲೆ ಸಹಿ ತೆಗೆದುಕೊಳ್ಳುವುದು ಎರಡು ಕಾರಣಕ್ಕೆ ಕೆಲಸಕ್ಕೆ ಬಾರದು. ತೋಟದಲ್ಲಿ ಅವರಿಗೆ ಈಗಾಗಲೇ ಹಕ್ಕಿದೆ, ಅದನ್ನು ಬಿಡಲು ನೋಂದಣಿ ಬೇಕು. ನಿಮ್ಮ ಸ್ವಂತ ದುಡಿಮೆಯ ಸೈಟಿನಲ್ಲಿ ನೀವಿರುವವರೆಗೆ ಅವರಿಗೆ ಯಾವ ಹಕ್ಕೂ ಇಲ್ಲ. ಇಲ್ಲದ ಹಕ್ಕನ್ನು ಮುಂಚಿತವಾಗಿ ಬಿಟ್ಟುಕೊಡಲು ಸಾಮಾನ್ಯವಾಗಿ ಬರುವುದಿಲ್ಲ. ಇದರ ಜೊತೆಗೆ, ಅಪ್ಪ ಸುಮ್ನೆ ಕರೆದು ಸಹಿ ಹಾಕಿಸಿಕೊಂಡರು ಅನ್ನುವ ನೋವು ಕಾಗದಕ್ಕಿಂತ ಬಹಳ ಕಾಲ ಉಳಿಯುತ್ತದೆ.

ಮಗ ಹೇಳಿದ ದಾನಪತ್ರ. ಖರ್ಚಿನಲ್ಲಿ ಅದು ನಿಜವಾಗಿಯೂ ಹಗುರ. ಹತ್ತಿರದ ಸಂಬಂಧಿಗಳ ನಡುವೆ ಆಸ್ತಿಯ ಬೆಲೆಗೆ ತಕ್ಕ ಮುದ್ರಾಂಕ ಶುಲ್ಕ ಬೀಳುವುದಿಲ್ಲ, ನಿಗದಿತ ಮೊತ್ತ ಮಾತ್ರ. ಆದರೆ ವಿಲ್‌ಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ವಿಲ್ ನೀವು ಹೋದ ಮೇಲೆ ಜಾರಿಗೆ ಬರುತ್ತದೆ, ಅಲ್ಲಿಯವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. ದಾನಪತ್ರ ನೋಂದಣಿಯಾಗಿ ಮಗ ಸ್ವೀಕರಿಸಿದ ದಿನವೇ ಆಸ್ತಿ ಅವನದ್ದು. ಅವನು ಅದರ ಮೇಲೆ ಸಾಲ ಮಾಡಬಹುದು, ಅವನ ಸಾಲಗಾರರು ಅದನ್ನು ಜಪ್ತಿ ಮಾಡಿಸಬಹುದು. ಬಾಯಿಗೆ ಬರಬಾರದ ಮಾತು, ಆದರೂ ಹೇಳಬೇಕು: ಮಗನಿಗೇ ಏನಾದರೂ ಆದರೆ ಆ ಸೈಟ್ ಅವನ ಹೆಂಡತಿ, ಮಕ್ಕಳು, ತಾಯಿಗೆ ಹೋಗುತ್ತದೆ. ಕೊಟ್ಟ ತಂದೆಗೆ, ಅಂದರೆ ನಿಮಗೆ, ಏನೂ ಬರುವುದಿಲ್ಲ.

2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ, ನೋಡಿಕೊಳ್ಳದ ಮಕ್ಕಳಿಗೆ ಕೊಟ್ಟ ದಾನವನ್ನು ರದ್ದು ಮಾಡಿಸಲು ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಬಹುದು. ತಿಪಟೂರಿನಲ್ಲೇ ಆ ಕಚೇರಿ ಇದೆ. ಆದರೆ ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಕೊಟ್ಟದ್ದು ಎಂದು ತೋರಿಸಬೇಕಾಗುತ್ತದೆ. ಸುಪ್ರೀಂ ಕೋರ್ಟ್ 2022ರಲ್ಲಿ ಷರತ್ತಿನ ವಿಷಯ ಬಿಗಿಯಾಗಿ ನೋಡಿತು, 2025ರ ಜನವರಿಯಲ್ಲಿ ಇನ್ನೊಂದು ತೀರ್ಪಿನಲ್ಲಿ ಹಿರಿಯರ ಕಡೆ ವಾಲಿತು. ದಾನವೇ ಮಾಡಬೇಕು ಅಂದರೆ ಆ ಷರತ್ತನ್ನು ಪತ್ರದಲ್ಲೇ ಬರೆಸಿ, ಜೀವ ಇರುವವರೆಗೆ ಅನುಭೋಗದ ಹಕ್ಕು ನಿಮಗೂ ಹೆಂಡತಿಗೂ ಉಳಿಸಿಕೊಳ್ಳಿ. ಆದರೂ ನನ್ನ ಅಭಿಪ್ರಾಯ ಕೇಳಿದರೆ, ಸೈಟಿಗೆ ವಿಲ್ ಸಾಕು, ದಾನಪತ್ರ ಬೇಡ. ಹೆಂಡತಿ ಹೆಸರಿನ ಮನೆಯನ್ನಂತೂ ಯಾರೂ ಮುಟ್ಟಬೇಡಿ. ಅದರ ಬಗ್ಗೆ ನಿಮ್ಮ ವಿಲ್‌ನಲ್ಲಿ ಬರೆಯಲೂ ಬರುವುದಿಲ್ಲ. ಅದಕ್ಕೆ ಅವರೇ ಬೇರೆ ವಿಲ್ ಬರೆಯಬೇಕು. ಗಂಡ ಹೆಂಡತಿ ಸೇರಿ ಒಂದೇ ವಿಲ್ ಬರೆಯುವವರಿದ್ದಾರೆ. ಒಬ್ಬರು ಹೋದ ಮೇಲೆ ಇನ್ನೊಬ್ಬರು ಅದನ್ನು ಬದಲಿಸಬಹುದೇ ಎಂಬ ವಾದ ಶುರುವಾಗುತ್ತದೆ. ಎರಡು ಬೇರೆ ಕಾಗದ ಮಾಡಿ.

ವಿಲ್ ಬರೆಯುವುದು ನೀವು ಅಂದುಕೊಂಡಷ್ಟು ದೊಡ್ಡ ಕೆಲಸವಲ್ಲ. ಸ್ಟಾಂಪ್ ಪೇಪರ್ ಬೇಡ, ಬಿಳಿ ಹಾಳೆ ಸಾಕು. ಕನ್ನಡದಲ್ಲಿ, ನಿಮ್ಮದೇ ಕೈಬರಹದಲ್ಲಿ ಇರಬಹುದು. ನೀವು ಸಹಿ ಹಾಕುವುದನ್ನು ಇಬ್ಬರು ಸಾಕ್ಷಿಗಳು ನೋಡಿ, ನಿಮ್ಮ ಎದುರಿಗೇ ಅವರೂ ಸಹಿ ಹಾಕಬೇಕು. ನೋಂದಣಿ ಕಡ್ಡಾಯವಲ್ಲ. ನಮ್ಮ ಜಿಲ್ಲೆಯ ಆಸ್ತಿಗೆ ಹಿಂದೂಗಳ ವಿಲ್ ಆದರೆ ಪ್ರೊಬೇಟ್ ಅನ್ನುವ ಕೋರ್ಟ್ ಮುದ್ರೆಯೂ ಕಡ್ಡಾಯವಲ್ಲ. ಆದರೂ ನೋಂದಣಿ ಮಾಡಿಸಿ ಎಂದೇ ನಾನು ಹೇಳುವುದು. ಕಳೆದುಹೋದರೆ ನಕಲು ಸಿಗುತ್ತದೆ, ಸಹಿ ಅವರದ್ದಲ್ಲ ಅನ್ನುವ ವಾದ ಸೊರಗುತ್ತದೆ. ಹಾಗಂತ ನೋಂದಣಿಯಾದ ವಿಲ್ ಮುರಿಯುವುದೇ ಇಲ್ಲ ಅಂತಲ್ಲ. ಪ್ರಶ್ನೆ ಬಂದರೆ ಒಬ್ಬ ಸಾಕ್ಷಿಯಾದರೂ ಕೋರ್ಟ್‌ಗೆ ಬಂದು ಹೇಳಬೇಕು. ನಿಮ್ಮ ಓರಗೆಯ ಮೇಷ್ಟ್ರುಗಳನ್ನು ಸಾಕ್ಷಿ ಹಾಕಿಸಬೇಡಿ, ನಿಮಗಿಂತ ಇಪ್ಪತ್ತು ವರ್ಷವಾದರೂ ಚಿಕ್ಕವರಿರಲಿ. ಆಸ್ತಿ ಪಡೆಯುವವರು ಸಾಕ್ಷಿಯಾಗುವುದು ಬೇಡ.

ವಿಲ್‌ಗಳ ಮೇಲೆ ಅನುಮಾನ ಹೇಗೆ ಹುಟ್ಟುತ್ತದೆ ಎಂದು ಸುಪ್ರೀಂ ಕೋರ್ಟ್ ವಿವರಿಸಿದ ಪ್ರಸಿದ್ಧ ಪ್ರಕರಣ 1959ರದ್ದು, ಅದು ಹೋದದ್ದು ನಮ್ಮ ಮೈಸೂರು ರಾಜ್ಯದಿಂದಲೇ. ಲಾಭ ಪಡೆಯುವವನೇ ಮುಂದೆ ನಿಂತು ವಿಲ್ ಮಾಡಿಸಿದರೆ ಕೋರ್ಟ್ ಹುಬ್ಬೇರಿಸುತ್ತದೆ. ಆದ್ದರಿಂದ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಮಗನ ಕಾರಿನಲ್ಲಿ ಹೋಗಬೇಡಿ. ಒಬ್ಬರಿಗೆ ಜಾಸ್ತಿ, ಒಬ್ಬರಿಗೆ ಕಡಿಮೆ ಕೊಡುವುದಾದರೆ ಯಾಕೆ ಎಂದು ಎರಡು ಸಾಲು ಬರೆಯಿರಿ. ತಾಯಿಗೆ ಏನೂ ಬಿಡದಿದ್ದರೆ, ಅವರನ್ನು ನೋಡಿಕೊಳ್ಳುವ ಹೊಣೆ ಯಾರದ್ದು ಎಂದಾದರೂ ಬರೆಯಿರಿ. ನಿಮಗಿಂತ ಮೊದಲು ಹೆಂಡತಿ ಹೋದರೆ ಅವರ ಭಾಗ ಯಾರಿಗೆ ಎಂದು ಹೇಳಿ. ಮರೆತುಹೋದ ಆಸ್ತಿ ಇರಬಹುದು, 'ಇಲ್ಲಿ ಹೆಸರಿಸದ ಉಳಿದದ್ದೆಲ್ಲ ಇಂಥವರಿಗೆ' ಅನ್ನುವ ಒಂದು ಸಾಲು ಸೇರಿಸಿ. ಪಿಂಚಣಿ ವಿಲ್‌ನಲ್ಲಿ ಬೇಡ. ಕುಟುಂಬ ಪಿಂಚಣಿ ಸರ್ಕಾರದ ನಿಯಮದ ಪ್ರಕಾರ ಹೆಂಡತಿಗೆ ಹೋಗುತ್ತದೆ, ನೀವು ಬೇರೆಯವರಿಗೆ ಬರೆದರೂ ನಡೆಯುವುದಿಲ್ಲ.

ಮಕ್ಕಳಿಗೆ ಹೇಳಬೇಕೇ ಎಂಬುದು ನಿಮ್ಮ ಮನೆಯ ಹದ ನೋಡಿ ನೀವೇ ತೀರ್ಮಾನಿಸಬೇಕಾದದ್ದು. ತೋಟದ ವಿಷಯ ಮುಚ್ಚಿಡಲು ಬರುವುದಿಲ್ಲ, ಅವರ ಸಹಿಯೇ ಬೇಕು. ಸೈಟು, ಠೇವಣಿಯ ಹಂಚಿಕೆ ಹೇಳದಿದ್ದರೂ ನಡೆಯುತ್ತದೆ, ಆದರೆ ವಿಲ್ ಇದೆ, ಎಲ್ಲಿದೆ ಅನ್ನುವುದು ಇಬ್ಬರಿಗಾದರೂ ಗೊತ್ತಿರಲಿ. ನಿಮ್ಮ ಒಂಟಿ ಹೆಸರಿನ ಲಾಕರ್‌ನಲ್ಲಿ ಇಡಬೇಡಿ. ಲಾಕರ್ ತೆಗೆಸಲು ಯಾರಿಗೆ ಹಕ್ಕು ಎಂದು ಹೇಳುವ ಕಾಗದ ಆ ಲಾಕರ್ ಒಳಗೇ ಕೂತಿರುತ್ತದೆ. ಮನೆಯಲ್ಲಿ ಇಡಲು ಇಷ್ಟವಿಲ್ಲದಿದ್ದರೆ ಮೊಹರು ಮಾಡಿದ ಲಕೋಟೆಯಲ್ಲಿ ತುಮಕೂರಿನ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಠೇವಣಿ ಇಡುವ ವ್ಯವಸ್ಥೆ 1908ರ ನೋಂದಣಿ ಕಾಯ್ದೆಯಲ್ಲೇ ಇದೆ. ವಕೀಲರ ಹತ್ತಿರ ಹೋಗುವಾಗ 1998ರ ಆ ಪಾಲುಪಟ್ಟಿಯ ಮೂಲ ಪ್ರತಿ, ತೋಟದ ಹಳೆಯ ಪಹಣಿ ಮತ್ತು ಮ್ಯುಟೇಷನ್ ನಕಲು, ಸೈಟಿನ ಕ್ರಯಪತ್ರ ತೆಗೆದುಕೊಂಡು ಹೋಗಿ. ಮೊದಲು ನಾಳೆಯೇ ಬ್ಯಾಂಕಿಗೆ ಹೋಗಿ ನಾಮಿನಿ ಫಾರಂ ತುಂಬಿ. ಅದಕ್ಕೆ ವಕೀಲರು ಬೇಕಿಲ್ಲ.